ಕಿರಿ ಟೆ ಕನಾವ: ಹಾಡು, ವೇದಿಕೆ, ತವರು – ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ ನಮ್ಮ ಮನೆ ಹಾಲ್‌ನಲ್ಲಿ ಏಳೆಂಟು ಜನ ಸೇರಿ ಪಾಶ್ಚಾತ್ಯ ಸಂಗೀತ ಕೇಳುತ್ತೇವೆ. ಕಾಫಿ, ಚಕ್ಕುಲಿ, ಒಂದು ಜೊತೆ ಹಳೇ ಸ್ಪೀಕರ್, ಇಷ್ಟೇ ಸರಂಜಾಮು. ನ್ಯೂಜಿಲೆಂಡ್‌ನ ಗಾಯಕಿ ಕಿರಿ ಟೆ ಕನಾವ ಅವರ ಹಾಡು ಹಾಕಿದ ದಿನ ಮಾತ್ರ ಪ್ರಶ್ನೆ ಮುಗಿಯುವುದೇ ಇಲ್ಲ. ಆಮೇಲೆ ಮೆಸೇಜ್‌ನಲ್ಲಿ ಬರುತ್ತವೆ, ಪತ್ರದಲ್ಲಿ ಬರುತ್ತವೆ, ಮದುವೆ ಮನೆಯ ಊಟದ ಸಾಲಿನಲ್ಲೂ ಬರುತ್ತವೆ. ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಲ್ಲೇ ಇಲ್ಲಿ ಜೋಡಿಸಿದ್ದೇನೆ. ಹೊಸಬರು ಮೇಲಿನಿಂದ ಓದಿ. ಒಪೆರಾ ಪರಿಚಯ ಇದ್ದವರು ಸೀದಾ ಕೆಳಗೆ ಹೋಗಬಹುದು.

## ಮೊದಲ ಸಲ ಕೇಳೋರಿಗೆ

ಯಾರು ಈ ಕಿರಿ ಟೆ ಕನಾವ? ಹೆಸರೇ ಕೇಳಿಲ್ಲವಲ್ಲ.

ಇಪ್ಪತ್ತನೇ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಜಗತ್ತಿನ ದೊಡ್ಡ ಒಪೆರಾ ಮನೆಗಳಲ್ಲೆಲ್ಲ ಹಾಡಿದ ಸೊಪ್ರಾನೊ. ಸೊಪ್ರಾನೊ ಅಂದರೆ ಹೆಂಗಸರ ಧ್ವನಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಹುಟ್ಟಿದ್ದು 1944ರ ಮಾರ್ಚ್ 6ರಂದು, ನ್ಯೂಜಿಲೆಂಡ್‌ನ ಪೂರ್ವ ಕರಾವಳಿಯ ಗಿಸ್ಬರ್ನ್ ಎಂಬ ಊರಿನಲ್ಲಿ. ಹೆಸರು ಕೇಳಿ ನಮ್ಮವರಿಗೆ ನಗು ಬರುತ್ತದೆ, ಕನ್ನಡದಲ್ಲಿ ಕಿರಿ ಅಂದರೆ ಚಿಕ್ಕದು ಅಲ್ವಾ? ನ್ಯೂಜಿಲೆಂಡ್‌ನ ಮೂಲ ಜನರಾದ ಮಾವೊರಿಗಳ ಭಾಷೆಯಲ್ಲಿ ಕಿರಿ ಎಂಬ ಪದಕ್ಕೆ ಚರ್ಮ, ತೊಗಟೆ ಎಂಬ ಅರ್ಥ ಇದೆ. ಬ್ರಿಟನ್ನಿನ ರಾಣಿ ಡೇಮ್ ಬಿರುದು ಕೊಟ್ಟಿದ್ದರಿಂದ ಅವರನ್ನು ಡೇಮ್ ಕಿರಿ ಎಂದು ಕರೆಯುವುದು ರೂಢಿ.

ಒಪೆರಾ ಅಂದ್ರೆ ನಾಟಕವೋ, ಕಚೇರಿಯೋ?

ನಾಟಕವೇ. ಆದರೆ ಮಾತಿನ ಜಾಗದಲ್ಲೂ ಹಾಡು. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾರೆ. ಒಪೆರಾದಲ್ಲಿ ವೇಷ ಹಾಕಿದವರೇ ಹಾಡಬೇಕು. ಹಾಗೆ ನೋಡಿದರೆ ನಮ್ಮ ಹಳೇ ಕಂಪನಿ ನಾಟಕ ಇದಕ್ಕೆ ಇನ್ನೂ ಹತ್ತಿರ. ಅಲ್ಲೂ ನಟರೇ ಹಾಡುತ್ತಿದ್ದರು, ಮುಂದೆ ಹಾರ್ಮೋನಿಯಂ. ಇಲ್ಲಿ ಹಾರ್ಮೋನಿಯಂ ಬದಲು ವೇದಿಕೆ ಮುಂದಿನ ಹಳ್ಳದಂಥ ಜಾಗದಲ್ಲಿ ಅರವತ್ತು ಎಪ್ಪತ್ತು ವಾದ್ಯದವರು ಕೂತಿರುತ್ತಾರೆ. ಇಟಲಿಯಲ್ಲಿ 1600ರ ಆಸುಪಾಸು ಹುಟ್ಟಿದ ಕಲೆ ಇದು.

ಅಷ್ಟು ಜೋರಾಗಿ ಯಾಕೆ ಕಿರುಚ್ತಾರೆ? ಮೈಕ್ ಕೊಡಲ್ವಾ?

ಕೊಡಲ್ಲ. ಅದೇ ಈ ಕಲೆಯ ಕಷ್ಟ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಮನೆಯಲ್ಲಿ ಸುಮಾರು 3,800 ಜನ ಕೂರುತ್ತಾರೆ. ಅಷ್ಟೂ ಜನಕ್ಕೆ, ವಾದ್ಯವೃಂದವನ್ನು ದಾಟಿ, ಬರೀ ಗಂಟಲಿನ ಬಲದಿಂದ ಕೇಳಿಸಬೇಕು.

ಕಿರುಚಿದರೆ ಅರ್ಧ ಗಂಟೆಗೆ ಗಂಟಲು ಕೂತುಹೋಗುತ್ತದೆ. ಇವರು ಮೂರು ಗಂಟೆ ಹಾಡುತ್ತಾರೆ. ಗುಟ್ಟು ಏನೆಂದರೆ, ಸ್ವರ ಮೇಲೇರಿದ ಹಾಗೆ ಸೊಪ್ರಾನೊಗಳು ಬಾಯನ್ನು ಜಾಸ್ತಿ ತೆರೆಯುತ್ತಾ ಹೋಗುತ್ತಾರೆ. ಆಗ ಬಾಯಿ ಮತ್ತು ಗಂಟಲಿನ ಪೊಳ್ಳು ಜಾಗ ಆ ಸ್ವರಕ್ಕೆ ಸರಿಯಾಗಿ ಅನುರಣಿಸುತ್ತದೆ. ಖಾಲಿ ಕೊಡದ ಬಾಯಿಗೆ ಬಾಯಿಟ್ಟು ಕೂಗಿ ನೋಡಿ, ಒಂದು ಸ್ವರಕ್ಕೆ ಮಾತ್ರ ಕೊಡ ಗುಂಯ್ ಅನ್ನುತ್ತೆ. ಅದೇ ಲೆಕ್ಕ. ಇದಕ್ಕೆ ಒಂದು ದಂಡ ಕಟ್ಟಬೇಕು: ಅಷ್ಟು ಅಗಲ ಬಾಯಿ ತೆರೆದಾಗ ಇ, ಉ ಎಲ್ಲವೂ ‘ಆ’ಕಾರದ ಥರವೇ ಕೇಳುತ್ತವೆ. ಎತ್ತರದ ಸ್ವರದಲ್ಲಿ ಪದ ತಿಳಿಯಲಿಲ್ಲ ಅಂತ ಬೇಜಾರಾಗಬೇಡಿ. ಇಟಲಿಯವರಿಗೂ ತಿಳಿಯಲ್ಲ.

ಭಾಷೆನೇ ಬರಲ್ಲ, ಕೇಳಿ ಏನು ಮಾಡ್ಲಿ?

ಕಥೆ ಮೊದಲೇ ಓದಿಕೊಳ್ಳಿ, ಹತ್ತು ನಿಮಿಷದ ಕೆಲಸ. ಒಪೆರಾ ಮನೆಗಳಲ್ಲಿ ಈಗ ವೇದಿಕೆಯ ಮೇಲ್ಗಡೆ ಅನುವಾದ ತೋರಿಸುತ್ತಾರೆ. ಇದು ಶುರುವಾಗಿದ್ದು 1983ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಅಂದರೆ ಕಿರಿ ಅವರು ಹೆಸರು ಮಾಡಿದ ಕಾಲದಲ್ಲಿ ಲಂಡನ್ನಿನವರೂ ಅರ್ಥ ಗೊತ್ತಿಲ್ಲದೆ ಇಟಾಲಿಯನ್ ಹಾಡು ಕೇಳಿ ಅಳುತ್ತಿದ್ದರು.

ಗೊತ್ತಿಲ್ದೆ ನಾನು ಇವರ ಹಾಡು ಎಲ್ಲಾದ್ರೂ ಕೇಳಿರಬಹುದಾ?

ಕೇಳಿರುವ ಸಾಧ್ಯತೆ ಜಾಸ್ತಿ. ‘ಎ ರೂಮ್ ವಿತ್ ಎ ವ್ಯೂ’ ಎಂಬ 1985ರ ಇಂಗ್ಲಿಷ್ ಸಿನಿಮಾ ಶುರುವಾಗುವುದೇ ಇವರ ಧ್ವನಿಯಲ್ಲಿ. ಹಾಡು ‘ಓ ಮಿಯೊ ಬಬ್ಬಿನೊ ಕಾರೊ’, ಇಟಲಿಯ ಸಂಗೀತಕಾರ ಪುಚ್ಚೀನಿಯದ್ದು. ಜಾಹೀರಾತು, ಮದುವೆ ವಿಡಿಯೊ ಎಲ್ಲದರಲ್ಲೂ ಈ ರಾಗ ಸುತ್ತಾಡುತ್ತದೆ.

ನಮ್ಮ ಕೂಟದಲ್ಲಿ ಇದನ್ನು ಹಾಕಿದಾಗ ಎದುರು ಮನೆಯ ಅಜ್ಜಿಯೊಬ್ಬರು ಕಣ್ಣು ಒರೆಸಿಕೊಂಡು, ‘ಪಾಪ, ಯಾರು ತೀರಿಹೋದರು?’ ಅಂದರು. ಯಾರೂ ತೀರಿಹೋಗಿಲ್ಲ ಅಜ್ಜಿ! ಹುಡುಗಿ ಅಪ್ಪನ ಹತ್ತಿರ ಹಟ ಮಾಡುತ್ತಿದ್ದಾಳೆ. ಅವನನ್ನೇ ಮದುವೆ ಆಗ್ತೀನಿ, ಉಂಗುರ ತರೋಕೆ ಪೇಟೆಗೆ ಹೋಗ್ತೀನಿ, ಒಪ್ಪದಿದ್ದರೆ ಸೇತುವೆಯಿಂದ ನದಿಗೆ ಹಾರ್ತೀನಿ ಅಂತ. ಅದೂ ಒಂದು ತಮಾಷೆ ನಾಟಕದ ನಡುವೆ. ಅಜ್ಜಿ ಕೇಳಿ, ‘ಹಂಗಾದ್ರೆ ನಮ್ಮನೇದೇ ಕಥೆ’ ಅಂದು ಚಕ್ಕುಲಿ ಮುರಿದರು.

ಚಾರ್ಲ್ಸ್–ಡಯಾನಾ ಮದುವೇಲಿ ಬಣ್ಣಬಣ್ಣದ ಟೋಪಿ ಹಾಕ್ಕೊಂಡು ಹಾಡಿದ್ದು ಇವರೇನಾ?

ಇವರೇ. 1981ರ ಜುಲೈ 29, ಲಂಡನ್ನಿನ ಸೇಂಟ್ ಪಾಲ್ ಕೆಥಡ್ರಲ್. ಹ್ಯಾಂಡೆಲ್‌ನ ‘ಸ್ಯಾಮ್ಸನ್’ ಕೃತಿಯ ಹಾಡು, ಜೊತೆಗೆ ತುತ್ತೂರಿ. ಟಿವಿಯಲ್ಲಿ ನೋಡಿದವರು ಅರವತ್ತು ಕೋಟಿಗೂ ಜಾಸ್ತಿ ಎಂಬ ಅಂದಾಜಿದೆ. ಆ ಟೋಪಿ, ಆ ಬಣ್ಣದ ಉಡುಪಿನ ಬಗ್ಗೆ ಇವತ್ತಿಗೂ ಜನ ಮಾತಾಡುತ್ತಾರೆ, ಹಾಡಿನ ಬಗ್ಗೆ ಅದಕ್ಕಿಂತ ಕಡಿಮೆ. ನನಗೆ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ. ಧ್ವನಿ ಮತ್ತು ತುತ್ತೂರಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಆ ಹಾಡನ್ನು ಅಷ್ಟು ದೊಡ್ಡ ಗೋಪುರದ ಕೆಳಗೆ, ಪ್ರತಿಧ್ವನಿಯ ನಡುವೆ, ತಾಳ ತಪ್ಪದೆ ಹಾಡುವುದು ಹುಡುಗಾಟ ಅಲ್ಲ.

## ಬೆಳೆದದ್ದು, ಕಲಿತದ್ದು

ಅವರು ಮಾವೊರಿನಾ, ಬಿಳಿಯರಾ?

ಎರಡೂ. ಹೆತ್ತ ತಂದೆ ಮಾವೊರಿ, ತಾಯಿ ಯುರೋಪ್ ಮೂಲದವರು. ಕೂಸಾಗಿದ್ದಾಗಲೇ ಟಾಮ್ ಮತ್ತು ನೆಲ್ ಟೆ ಕನಾವ ದಂಪತಿ ದತ್ತು ತೆಗೆದುಕೊಂಡರು. ಅವರದ್ದೂ ಅದೇ ಜೋಡಿ: ಟಾಮ್ ಮಾವೊರಿ, ನೆಲ್ ಐರಿಷ್ ಮೂಲದವರು. ಮಾವೊರಿಗಳು ಆ ದ್ವೀಪಗಳ ಮೂಲ ಜನ, ಅವರ ಭಾಷೆಯಲ್ಲಿ ದೇಶದ ಹೆಸರು ಆಓಟೆಆರೋಆ. ಟಾಮ್ ಅವರದು ಲಾರಿ ಗುತ್ತಿಗೆ ವ್ಯವಹಾರ. ಸಾಕಿದ ತಂದೆಯ ಮನೆತನದ ಹೆಸರನ್ನೇ ಕಿರಿ ಅವರು ಜಗತ್ತಿನ ಪೋಸ್ಟರ್‌ಗಳ ಮೇಲೆಲ್ಲ ಹೊತ್ತುಕೊಂಡು ಹೋದರು. ಮದುವೆ ಆದಮೇಲೂ ಬದಲಿಸಲಿಲ್ಲ.

ಹಾಡೋದನ್ನ ಕಲಿಸಿದ್ದು ಯಾರು?

ಮನೆಯಲ್ಲಿ ತಾಯಿ ನೆಲ್ ಪಿಯಾನೊ ನುಡಿಸುತ್ತಿದ್ದರು. ಮಗಳ ಗಂಟಲು ಸಾಮಾನ್ಯದ್ದಲ್ಲ ಎಂದು ಮೊದಲು ಹಟ ಹಿಡಿದವರೂ ಅವರೇ. ಅದಕ್ಕಾಗಿಯೇ ಗಿಸ್ಬರ್ನ್ ಬಿಟ್ಟು ಕುಟುಂಬ ಆಕ್ಲೆಂಡ್‌ಗೆ ಬಂತು. ಅಲ್ಲಿನ ಪಾನ್ಸನ್‌ಬಿ ಬಡಾವಣೆಯ ಸೇಂಟ್ ಮೇರೀಸ್ ಕಾಲೇಜಿನಲ್ಲಿ ಸಿಸ್ಟರ್ ಮೇರಿ ಲಿಯೋ ಎಂಬ ಕ್ರೈಸ್ತ ಸನ್ಯಾಸಿನಿ ಹಾಡು ಕಲಿಸುತ್ತಿದ್ದರು. ನ್ಯೂಜಿಲೆಂಡ್‌ನ ಸಂಗೀತದಲ್ಲಿ ಈ ಸಿಸ್ಟರ್ ಹೆಸರು ಬಹಳ ದೊಡ್ಡದು. ಒಂದೇ ಗುರುವಿನ ಕೋಣೆಯಿಂದ ಕಿರಿ, ಮಾಲ್ವಿನಾ ಮೇಜರ್, ಹೆದರ್ ಬೆಗ್ ಮೂವರೂ ಹೊರಬಂದರು.

ಶುರುವಿನಲ್ಲಿ ಕಿರಿ ಹಾಡುತ್ತಿದ್ದದ್ದು ಸೊಪ್ರಾನೊಗಿಂತ ಒಂದು ಮೆಟ್ಟಿಲು ಕೆಳಗಿನ ಮೆಜ್ಜೊ ಧ್ವನಿಯಲ್ಲಿ. ಲಂಡನ್‌ಗೆ ಹೋದಮೇಲೆ ಧ್ವನಿಯ ನಿಜವಾದ ಮನೆ ಮೇಲಿನ ಮಹಡಿಯಲ್ಲಿದೆ ಎಂದು ಗೊತ್ತಾಯಿತು. ಅಲ್ಲಿ ಹಂಗೇರಿ ಮೂಲದ ಗುರು ವೆರಾ ರೋಜಾ ಅವರ ಬಳಿ ಕಲಿತರು. ಜಗತ್ಪ್ರಸಿದ್ಧರಾದ ಮೇಲೂ ಪಾಠಕ್ಕೆ ಹೋಗುವುದನ್ನು ಬಿಡಲಿಲ್ಲ.

ಮೊದಲನೇ ಸ್ಪರ್ಧೆಯಲ್ಲಿ ಸೋತಿದ್ದರಂತೆ, ಹೌದಾ?

ಸೋಲು ಅನ್ನುವುದಕ್ಕಿಂತ ಎರಡನೇ ಸ್ಥಾನ. ಮೊಬಿಲ್ ಸಾಂಗ್ ಕ್ವೆಸ್ಟ್ ಎಂಬುದು ನ್ಯೂಜಿಲೆಂಡ್ ಇಡೀ ರೇಡಿಯೊ ಮುಂದೆ ಕೂತು ಕೇಳುತ್ತಿದ್ದ ಸ್ಪರ್ಧೆ. 1963ರಲ್ಲಿ ಮಾಲ್ವಿನಾ ಮೇಜರ್ ಗೆದ್ದರು, ಕಿರಿ ಎರಡನೆಯವರು. 1965ರಲ್ಲಿ ಕಿರಿ ಗೆದ್ದರು. ಮರುವರ್ಷ ಆಸ್ಟ್ರೇಲಿಯಾದ ಮೆಲ್ಬೋರ್ನ್ ಸನ್ ಆರಿಯಾ ಸ್ಪರ್ಧೆಯೂ ಅವರದ್ದೇ ಆಯಿತು. ಮುಂದೆ ಇಬ್ಬರೂ ಡೇಮ್ ಆದರು ಅನ್ನುವುದು ಬೇರೆ ಮಾತು.

ಲಂಡನ್‌ಗೆ ಹೋಗಲೇಬೇಕಿತ್ತಾ? ಊರಲ್ಲೇ ಹಾಡಬಹುದಿತ್ತಲ್ಲ?

ಆಗಿನ ನ್ಯೂಜಿಲೆಂಡ್‌ನ ಜನಸಂಖ್ಯೆ ಇಪ್ಪತ್ತಾರು, ಇಪ್ಪತ್ತೇಳು ಲಕ್ಷ. ಈಗಲೂ ಬೆಂಗಳೂರಿನ ಅರ್ಧದಷ್ಟಿಲ್ಲ. 1954ರಲ್ಲಿ ಶುರುವಾದ ಒಂದು ಸಣ್ಣ ಒಪೆರಾ ಕಂಪನಿ ಊರೂರು ತಿರುಗುತ್ತಿತ್ತು, ಅಷ್ಟೇ. ವರ್ಷಪೂರ್ತಿ ಒಪೆರಾ ನಡೆಸುವ ಮನೆ ಇರಲಿಲ್ಲ. ಹಾಡು ಕಲಿಯಬಹುದಿತ್ತು, ಹಾಡಿ ಬದುಕುವುದು ಕಷ್ಟವಿತ್ತು. ಸ್ಪರ್ಧೆ ಗೆದ್ದವರಿಗೆ ಲಂಡನ್ನಿನಲ್ಲಿ ಓದಲು ಹಣ ಸಿಗುತ್ತಿತ್ತು. 1966ರಲ್ಲಿ ಹೊರಟು ಲಂಡನ್ ಒಪೆರಾ ಸೆಂಟರ್ ಸೇರಿದರು. ವಯಸ್ಸು ಇಪ್ಪತ್ತೆರಡು. ಭೂಮಿಯ ಆ ತುದಿಯಿಂದ ಈ ತುದಿಗೆ.

## ವೇದಿಕೆಯ ದಿನಗಳು

ಒಂದೇ ರಾತ್ರಿಗೆ ಸ್ಟಾರ್ ಆದರು ಅಂತಾರಲ್ಲ, ಅದು ಯಾವ ರಾತ್ರಿ?

1971ರ ಡಿಸೆಂಬರ್ 1. ಲಂಡನ್ನಿನ ಕೋವೆಂಟ್ ಗಾರ್ಡನ್‌ನ ರಾಯಲ್ ಒಪೆರಾ ಹೌಸ್. ಮೊಜಾರ್ಟ್‌ನ ‘ಫಿಗರೋನ ಮದುವೆ’ಯಲ್ಲಿ ಕೌಂಟೆಸ್, ಅಂದರೆ ಜಮೀನ್ದಾರನ ಹೆಂಡತಿಯ ಪಾತ್ರ, ವಾದ್ಯವೃಂದ ನಡೆಸಿದವರು ಕಾಲಿನ್ ಡೇವಿಸ್. ಅದಕ್ಕೆ ಮೊದಲು ಅಲ್ಲೇ ಸಣ್ಣಪುಟ್ಟ ಪಾತ್ರ ಮಾಡಿದ್ದರು. ಅದೇ ವರ್ಷ ಬೇಸಿಗೆಯಲ್ಲಿ ಅಮೆರಿಕದ ಸ್ಯಾಂಟಾ ಫೆಯಲ್ಲಿ ಇದೇ ಕೌಂಟೆಸ್ ಹಾಡಿ ಬಂದಿದ್ದರು. ಹಾಗಾಗಿ ‘ಒಂದೇ ರಾತ್ರಿ’ ಅನ್ನುವುದು ಪತ್ರಿಕೆಯವರ ಲೆಕ್ಕ. ನನ್ನ ಲೆಕ್ಕದಲ್ಲಿ ಅದು ಹದಿನೈದು ವರ್ಷದ ರಾತ್ರಿ.

ಈ ಪಾತ್ರ ಎಷ್ಟು ನಿರ್ದಯಿ ಗೊತ್ತಾ? ಮೊದಲ ಅಂಕದಲ್ಲಿ ಕೌಂಟೆಸ್ ಬರುವುದೇ ಇಲ್ಲ. ಉಳಿದವರೆಲ್ಲ ಓಡಾಡಿ, ನಗಿಸಿ, ಗಂಟಲು ಬಿಸಿ ಮಾಡಿಕೊಂಡಿರುತ್ತಾರೆ. ಎರಡನೇ ಅಂಕದ ಪರದೆ ಏಳುತ್ತದೆ. ದೊಡ್ಡ ಕೋಣೆ, ಒಬ್ಬಳೇ ಹೆಂಗಸು. ವಾದ್ಯಗಳು ನಿಧಾನವಾಗಿ ಒಂದು ಪೀಠಿಕೆ ನುಡಿಸುತ್ತವೆ. ಅಷ್ಟೂ ಹೊತ್ತು ಅವಳು ಸುಮ್ನೆ ನಿಂತಿರಬೇಕು, ಸಭೆ ಪೂರ್ತಿ ಅವಳನ್ನೇ ನೋಡುತ್ತಿರುತ್ತದೆ. ಆಮೇಲೆ ಮೊದಲ ಮಾತೇ ಹಾಡು, ಅದೂ ವಿಳಂಬದ ಹಾಡು: ಗಂಡನ ಪ್ರೀತಿ ವಾಪಸ್ ಕೊಡು, ಇಲ್ಲವಾದರೆ ಸಾವಾದರೂ ಕೊಡು ಅಂತ. ಉಸಿರು ಒಂದು ಚೂರು ನಡುಗಿದರೂ ಕೊನೆಯ ಸಾಲಿನವರಿಗೂ ಗೊತ್ತಾಗುತ್ತದೆ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಕೊನೆಯ ಅಂಕದಲ್ಲಿ ಇನ್ನೊಂದು ಗಳಿಗೆ ಬರುತ್ತದೆ. ಬೇರೆ ಹೆಣ್ಣಿನ ಹಿಂದೆ ಹೋದ ಗಂಡ ಎಲ್ಲರೆದುರು ಸಿಕ್ಕಿಬಿದ್ದು ಮಂಡಿಯೂರಿ ಕ್ಷಮೆ ಕೇಳುತ್ತಾನೆ. ಕೌಂಟೆಸ್ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತಾಳೆ: ನಾನು ನಿನಗಿಂತ ಮೆತ್ತಗಿನವಳು, ಹೂಂ ಅನ್ನುತ್ತೇನೆ. ಇಡೀ ನಾಟಕದ ಗಲಾಟೆ ಆ ಒಂದು ಸಾಲಿಗೆ ತಣ್ಣಗಾಗುತ್ತದೆ. ಕಿರಿ ಇದನ್ನು ಹಾಡುವಾಗ ಒಂದಿಷ್ಟೂ ಒತ್ತಿ ಹೇಳುವುದಿಲ್ಲ. ಮನೆ ಯಜಮಾನಿ ಜಗಳ ಸಾಕು, ಎಲೆ ಹಾಕಿದೆ ಬನ್ನಿ ಅನ್ನುವಾಗಿನ ಧಾಟಿ ಅದು.

ಮೂರು ಗಂಟೆ ಮುಂಚೆ ಕರೆದು ಹಾಡಿಸಿದರು ಅಂತಾರೆ. ಅದು ಹೇಗೆ ಸಾಧ್ಯ?

1974ರ ಫೆಬ್ರವರಿ 9, ಶನಿವಾರ ಮಧ್ಯಾಹ್ನ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್. ವರ್ಡಿಯ ‘ಒಥೆಲೊ’. ನಾಯಕಿ ಡೆಸ್ಡಿಮೋನಾ ಆಗಬೇಕಿದ್ದ ಟೆರೇಸಾ ಸ್ಟ್ರಾಟಾಸ್ ಅವರಿಗೆ ಹುಷಾರಿಲ್ಲ. ಕಿರಿ ಕೆಲವು ವಾರ ಆದಮೇಲೆ ಇದೇ ಪಾತ್ರ ಮಾಡಬೇಕಿತ್ತು. ಹಾಗಾಗಿ ಹಾಡು ಬಾಯಲ್ಲಿತ್ತು. ಆದರೆ ಆ ವೇದಿಕೆ ಮೇಲೆ ಅವರು ಅದುವರೆಗೆ ಒಂದು ಪ್ರದರ್ಶನವನ್ನೂ ಕೊಟ್ಟಿರಲಿಲ್ಲ. ಎದುರಿಗೆ ಜಾನ್ ವಿಕರ್ಸ್ ಎಂಬ ದೈತ್ಯ ಗಾಯಕ. ಸಾಲದು ಅಂತ ಶನಿವಾರದ ಆಟ ರೇಡಿಯೊದಲ್ಲಿ ನೇರ ಪ್ರಸಾರ.

ಕೊನೆಯ ಅಂಕದಲ್ಲಿ ಡೆಸ್ಡಿಮೋನಾ ಮಲಗುವ ಮುಂಚೆ ಪ್ರಾರ್ಥನೆ ಹಾಡುತ್ತಾಳೆ. ಮುಗಿಯುವ ಹೊತ್ತಿಗೆ ಸ್ವರ ಬಹಳ ಮೇಲೇರುತ್ತದೆ, ಆದರೆ ಪಿಸುಮಾತಿನಷ್ಟು ಮೆಲ್ಲಗೆ ಹಾಡಬೇಕು. ಜೋರಾಗಿ ಮೇಲೇರುವುದು ಸುಲಭ, ಮೆಲ್ಲಗೆ ಮೇಲೇರುವುದೇ ಕಷ್ಟ. ಸೈಕಲ್ ಕಲಿತವರಿಗೆ ಗೊತ್ತು, ನಿಧಾನಕ್ಕೆ ಓಡಿಸುವಾಗಲೇ ಬೀಳೋದು. ಅವತ್ತು ಅವರು ಬೀಳಲಿಲ್ಲ. ಅಮೆರಿಕದ ಬಾಗಿಲು ತೆರೆಯಿತು.

ಧ್ವನಿಯಲ್ಲಿ ಅಂಥದ್ದೇನಿದೆ? ಎಲ್ಲ ಸೊಪ್ರಾನೊ ಒಂದೇ ಥರ ಕೇಳ್ಸುತ್ತೆ ನಂಗೆ.

ಶುರುವಿನಲ್ಲಿ ನನಗೂ ಹಾಗೇ. ಒಂದು ಉಪಾಯ ಹೇಳುತ್ತೇನೆ. ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಹೋಗುವಾಗ ಎಲ್ಲಾದರೂ ಗೇರ್ ಬದಲಾದ ಹಾಗೆ ಕೇಳುತ್ತಾ ನೋಡಿ. ಬಹಳ ಗಾಯಕಿಯರಲ್ಲಿ ಆ ಜೋಡಣೆ ಕೇಳುತ್ತದೆ. ಕಿರಿ ಅವರಲ್ಲಿ ಕೇಳುವುದು ಅಪರೂಪ. ತಂಬಿಗೆಯಿಂದ ಹಾಲು ಸುರಿದಾಗ ಧಾರೆ ಕಡಿಯದೆ ಬರುತ್ತಲ್ಲ, ಹಾಗೆ. ವಿಮರ್ಶಕರು ಇವರ ಧ್ವನಿಗೆ ಕೆನೆಯ ಹೋಲಿಕೆ ಕೊಟ್ಟು ಕೊಟ್ಟು ಅದು ಸವೆದೇ ಹೋಗಿದೆ, ಆದರೂ ಸುಳ್ಳಲ್ಲ. ಮೊಜಾರ್ಟ್ ಮತ್ತು ರಿಚರ್ಡ್ ಸ್ಟ್ರಾಸ್ ಇಬ್ಬರೂ ಇಂಥ ಉದ್ದ ಉಸಿರಿನ, ಹೊಳೆಯುವ ಧ್ವನಿಗೆಂದೇ ಬರೆದವರು. ಅವರಿಬ್ಬರ ನಾಯಕಿಯರೇ ಕಿರಿ ಅವರ ಅಡುಗೆಮನೆ.

ನಮ್ಮ ಕಡೆ ಯಾರ ಧ್ವನಿಗೆ ಹೋಲಿಸಬಹುದು ಅಂತಲೂ ಕೇಳುತ್ತಾರೆ. ಹೋಲಿಸಬೇಡಿ. ನಮ್ಮ ಗಾಯನದ ಜೀವ ಗಮಕದಲ್ಲಿದೆ, ಅವರದ್ದು ಸ್ವರದ ಬಣ್ಣದಲ್ಲಿ. ಎರಡೂ ಬೇರೆ ಬೇರೆ ತಕ್ಕಡಿ.

ಯಾವ ಯಾವ ಪ್ರಶಸ್ತಿ ಬಂದಿವೆ, ಪಟ್ಟಿ ಕೊಡಿ.

ಪಟ್ಟಿ ಉದ್ದ ಇದೆ, ಮುಖ್ಯವಾದವು ಸಾಕು. 1982ರಲ್ಲಿ ಡೇಮ್. ಜಾರ್ಜ್ ಶೋಲ್ಟಿ ನಡೆಸಿದ ‘ಫಿಗರೋನ ಮದುವೆ’ಯ ಧ್ವನಿಮುದ್ರಿಕೆಗೆ 1984ರಲ್ಲಿ ಗ್ರ್ಯಾಮಿ ಬಂತು, ಅದರ ಕೌಂಟೆಸ್ ಇವರೇ. 1995ರಲ್ಲಿ ಆರ್ಡರ್ ಆಫ್ ನ್ಯೂಜಿಲೆಂಡ್. ಇದು ಆ ದೇಶದ ಅತಿ ದೊಡ್ಡ ಗೌರವ, ಬದುಕಿರುವ ಸದಸ್ಯರು ಇಪ್ಪತ್ತೇ ಜನ ಇರಬೇಕೆಂಬ ನಿಯಮ ಇದೆ. 2018ರಲ್ಲಿ ಬ್ರಿಟನ್ನಿನ ಕಂಪ್ಯಾನಿಯನ್ ಆಫ್ ಆನರ್. ಗೌರವ ಡಾಕ್ಟರೇಟ್‌ಗಳನ್ನು ಬಿಟ್ಟಿದ್ದೇನೆ.

ಒಳ ಉಡುಪಿನ ಕೋರ್ಟ್ ಕೇಸ್ ಅಂತ ಏನೋ ಓದಿದೆ. ಅದೇನು?

ಇದನ್ನು ಕೇಳದೆ ಯಾರೂ ಬಿಡಲ್ಲ! ಆಸ್ಟ್ರೇಲಿಯಾದ ಪಾಪ್ ಗಾಯಕ ಜಾನ್ ಫಾರ್ನ್‌ಹ್ಯಾಮ್ ಜೊತೆ ಕಾರ್ಯಕ್ರಮ ಕೊಡುವ ಮಾತುಕತೆ ನಡೆದಿತ್ತು. ಫಾರ್ನ್‌ಹ್ಯಾಮ್ ಅವರ ಹಳೇ ಕಾರ್ಯಕ್ರಮದ ವಿಡಿಯೊದಲ್ಲಿ ಅಭಿಮಾನಿಗಳು ವೇದಿಕೆಗೆ ಒಳ ಉಡುಪು ಎಸೆಯುವುದನ್ನು ನೋಡಿ ಕಿರಿ ಹಿಂದೆ ಸರಿದರು. ಆಯೋಜಕರು ಕೋರ್ಟ್‌ಗೆ ಹೋದರು. ಕಿರಿ ಅವರ ಜೊತೆ ಅಂತಿಮ ಕರಾರು ಆಗಿರಲೇ ಇಲ್ಲ ಎಂದು 2007ರಲ್ಲಿ ತೀರ್ಪು ಬಂತು. ಅಷ್ಟೇ ಕಥೆ.

## ತವರಿನ ಮಾತು

ನಲವತ್ತು ಐವತ್ತು ವರ್ಷ ಹೊರದೇಶದಲ್ಲಿದ್ದು ತಾಯ್ನಾಡಿನ ಪ್ರೀತಿ ಅಂದ್ರೆ ಹೇಗೆ ನಂಬೋದು?

ಈ ಪ್ರಶ್ನೆ ಕೇಳುವವರ ಧ್ವನಿಯಲ್ಲಿ ಸ್ವಲ್ಪ ಖಾರ ಇರುತ್ತದೆ. ಹಾಗೆ ಕೇಳುವವರ ಮಕ್ಕಳೂ ಒಬ್ಬರೋ ಇಬ್ಬರೋ ಹೊರಗಡೆ ಇರುತ್ತಾರೆ.

ಕನ್ನಡದಲ್ಲಿ ಇದಕ್ಕೆ ಒಳ್ಳೇ ಪದ ಇದೆ: ತವರು. ಹೊರಗೆ ಹೋದವಳಿಗೆ ಮಾತ್ರ ತವರು ಇರುತ್ತದೆ, ಅಲ್ಲೇ ಇದ್ದವಳಿಗೆ ಅದು ಬರೀ ಮನೆ. ತವರಿನ ಋಣವನ್ನು ನಾವು ಭಾಷಣದಲ್ಲಿ ಅಳೆಯಲ್ಲ. ಹಬ್ಬಕ್ಕೆ ಬಂದಳಾ, ಕಷ್ಟಕ್ಕೆ ಆದಳಾ, ತಮ್ಮ ತಂಗಿಯರನ್ನು ಮುಂದೆ ತಂದಳಾ, ಇಷ್ಟೇ ನೋಡುತ್ತೇವೆ. ಈ ಲೆಕ್ಕ ಹಿಡಿದು ನೋಡಿ. ಆಕ್ಲೆಂಡ್‌ನ ಆಓಟೆಆ ಸೆಂಟರ್ 1990ರಲ್ಲಿ ಬಾಗಿಲು ತೆರೆದಾಗ ಬಂದು ಹಾಡಿದರು. 1993ರಲ್ಲಿ ನೇಪಿಯರ್ ಹತ್ತಿರದ ದ್ರಾಕ್ಷಿ ತೋಟದ ಬಯಲಿನಲ್ಲಿ ಮಿಷನ್ ಕಾನ್ಸರ್ಟ್ ಎಂಬ ವಾರ್ಷಿಕ ಕಾರ್ಯಕ್ರಮ ಶುರುವಾದಾಗ ಮೊದಲ ಗಾಯಕಿ ಅವರೇ. 1991ರ ರಗ್ಬಿ ವಿಶ್ವಕಪ್‌ಗೆ ‘ವರ್ಲ್ಡ್ ಇನ್ ಯೂನಿಯನ್’ ಹಾಡಿದರು. ರಗ್ಬಿ ಅಂದರೆ ನ್ಯೂಜಿಲೆಂಡ್‌ನಲ್ಲಿ ನಮ್ಮ ಕ್ರಿಕೆಟ್ ಹುಚ್ಚಿಗೆ ಸಮ. ತಮ್ಮಂದಿರು ತಂಗಿಯರ ವಿಷಯ ಕೆಳಗೆ ಬರುತ್ತದೆ.

2000ನೇ ಇಸವಿ ಮೊದಲ ಬೆಳಗ್ಗೆ ಹಾಡಿದ್ರಂತಲ್ಲ, ಅದರ ವಿಶೇಷ ಏನು?

ಹೊಸ ದಿನದ ಸೂರ್ಯನನ್ನು ಜಗತ್ತಿನಲ್ಲಿ ಮೊದಲು ನೋಡುವ ನಗರ ನಮ್ಮದು ಅಂತ ಗಿಸ್ಬರ್ನ್‌ನವರು ಹೇಳಿಕೊಳ್ಳುತ್ತಾರೆ. ಇಸವಿ 2000ರ ಜನವರಿ 1ರ ನಸುಕಿನಲ್ಲಿ ಆ ಸೂರ್ಯನನ್ನು ಹಾಡಿ ಬರಮಾಡಿಕೊಳ್ಳಲು ಕರೆದದ್ದು ಊರಿನ ಮಗಳನ್ನೇ. ಟಿವಿಯಲ್ಲಿ ಹಲವು ದೇಶಗಳಿಗೆ ಹೋಯಿತು. ಅಲ್ಲಿ ಬೆಳಗಾದಾಗ ನಮ್ಮಲ್ಲಿ ಇನ್ನೂ ಡಿಸೆಂಬರ್ 31ರ ರಾತ್ರಿ ಹತ್ತು ಗಂಟೆ ದಾಟಿತ್ತು ಅಷ್ಟೇ. ಇಲ್ಲಿ ಕೇಕ್ ಕತ್ತರಿಸಲು ಎರಡು ಗಂಟೆ ಬಾಕಿ, ಅಲ್ಲಿ ಆಗಲೇ ಹೊಸ ಸಾವಿರ ವರ್ಷದ ಬೆಳಕು. ಬೇಕಾದರೆ ಆ ಹೊತ್ತಿಗೆ ಯಾವ ರಾಜಧಾನಿಯಲ್ಲಾದರೂ ಹಾಡಿ ದುಡ್ಡು ಮಾಡಬಹುದಿತ್ತು.

ಮಾವೊರಿ ಭಾಷೇಲಿ ಹಾಡಿದ್ದಾರಾ?

ಹಾಡಿದ್ದಾರೆ. 1999ರಲ್ಲಿ ‘ಮಾವೊರಿ ಸಾಂಗ್ಸ್’ ಎಂಬ ಆಲ್ಬಮ್ಮೇ ಬಂತು. ಒಪೆರಾ ಪ್ರೇಮಿಗಳು ಇದನ್ನು ಪಕ್ಕಕ್ಕೆ ಸರಿಸುತ್ತಾರೆ. ನಾನು ಸರಿಸಲ್ಲ.

ಅದರಲ್ಲಿ ‘ಪೋಕರೆಕರೆ ಆನಾ’ ಕೇಳಿ. ಮೊದಲ ಮಹಾಯುದ್ಧದ ಕಾಲದಿಂದ ಬಾಯಿಂದ ಬಾಯಿಗೆ ಬಂದ ಪ್ರೇಮಗೀತೆ, ನ್ಯೂಜಿಲೆಂಡ್‌ನವರು ಎಲ್ಲೇ ಸೇರಲಿ ಹಾಡುವ ಹಾಡು. ನೀರು ಅಲ್ಲೋಲಕಲ್ಲೋಲವಾಗಿದೆ, ನೀನು ದಾಟುವಾಗ ಶಾಂತವಾಗುತ್ತದೆ ಹುಡುಗಿ ಅನ್ನುತ್ತಾನೆ ಪ್ರೇಮಿ. ಕಾಗದ ಬರೆದಿದ್ದೇನೆ, ಉಂಗುರ ಕಳಿಸಿದ್ದೇನೆ ಅನ್ನುತ್ತಾನೆ. ಕಾಗದಕ್ಕೆ ‘ರೆಟಾ’, ಉಂಗುರಕ್ಕೆ ‘ರಿಂಗಿ’. ಎರಡೂ ಇಂಗ್ಲಿಷ್‌ನಿಂದ ಬಂದು ಮಾವೊರಿ ವೇಷ ಹಾಕಿಕೊಂಡ ಪದಗಳು, ನಮ್ಮ ಬಸ್ಸು ಕಾರು ಇದ್ದ ಹಾಗೆ.

ಇನ್ನೊಂದು ಸಂಗತಿ ಕಿವಿಗೆ ಬೀಳುತ್ತದೆ. ಮಾವೊರಿಯಲ್ಲಿ ಪ್ರತಿ ಪದವೂ ಸ್ವರದಲ್ಲೇ ಮುಗಿಯುತ್ತದೆ. ಹ್ರಸ್ವ, ದೀರ್ಘ ಬೇರೆ ಬೇರೆ. ಕನ್ನಡದವರಿಗೆ ಇದು ಮನೆ ಮಾತಿನಷ್ಟೇ ಹಿತ, ಸ್ವರದಲ್ಲಿ ಮುಗಿಯುವ ವಿಷಯಕ್ಕೆ ಇಟಾಲಿಯನ್ನಿಗೂ ಹತ್ತಿರ. ಹಾಡುವವರಿಗೆ ಸ್ವರದಲ್ಲಿ ಮುಗಿಯುವ ಪದ ಸಿಕ್ಕರೆ ಹಬ್ಬ, ಬಾಯಿ ಮುಚ್ಚದೆ ಮುಂದಿನ ಪದಕ್ಕೆ ಜಾರಬಹುದು. ಕಿರಿ ಅವರ ಕಡಿಯದ ಧಾರೆಗೆ ಈ ಭಾಷೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ಎಂದರೆ, ಅವರ ಇಟಾಲಿಯನ್ ಹಾಡುಗಳಲ್ಲೂ ನನಗೆ ಈಗೀಗ ಆ ಕರಾವಳಿ ಕೇಳಿಸುತ್ತದೆ. ಕಲ್ಪನೆ ಇದ್ದರೂ ಇರಬಹುದು.

ಊರಿನ ಮಕ್ಕಳಿಗೆ ಏನಾದ್ರೂ ಮಾಡಿದ್ದಾರಾ?

2004ರಲ್ಲಿ ಕಿರಿ ಟೆ ಕನಾವ ಫೌಂಡೇಶನ್ ಕಟ್ಟಿದರು. ನ್ಯೂಜಿಲೆಂಡ್‌ನ ಪ್ರತಿಭಾವಂತ ಯುವ ಗಾಯಕರಿಗೆ, ಸಂಗೀತಗಾರರಿಗೆ ಹಣ ಮತ್ತು ಮಾರ್ಗದರ್ಶನ ಕೊಡುವುದು ಅದರ ಕೆಲಸ. ದುಡ್ಡು ಹೇಗೋ ಹೊಂದಿಸಬಹುದು. ಯಾವ ಗುರು ಸರಿ, ಯಾವ ಪಾತ್ರಕ್ಕೆ ಈಗಲೇ ಒಪ್ಪಬಾರದು ಎಂದು ಹೇಳುವವರು ಸಿಗುವುದು ಕಷ್ಟ. ಇಪ್ಪತ್ತಮೂರರ ಹುಡುಗಿ ಭಾರದ ಪಾತ್ರಕ್ಕೆ ಹೂಂ ಅಂದರೆ ಮೂವತ್ತಕ್ಕೆ ಧ್ವನಿ ಒಡೆದಿರುತ್ತದೆ. ಅಷ್ಟು ದೂರ ಹೋಗುವವರ ಜೊತೆ ಅಲ್ಲಿ ಮೊದಲೇ ಹೋಗಿಬಂದವರು ಒಬ್ಬರು ಇರಬೇಕು. ನನಗೆ ಅವರ ಎಲ್ಲ ಬಿರುದಿಗಿಂತ ಈ ಕೆಲಸ ದೊಡ್ಡದಾಗಿ ಕಾಣುತ್ತದೆ.

ತವರಲ್ಲಿ ಎಲ್ಲರಿಗೂ ಅವರು ಅಂದ್ರೆ ಇಷ್ಟಾನಾ?

ಇಲ್ಲ. ಸರ್ಕಾರದ ನೆರವಿನ ಮೇಲೆ ಮಾವೊರಿಗಳು ಅವಲಂಬಿಸುವ ಬಗ್ಗೆ 2003ರಲ್ಲಿ ಆಡಿದ ಮಾತಿಗೆ ಊರಿನಲ್ಲೇ ಜೋರು ಟೀಕೆ ಬಂತು. ದೂರದಲ್ಲಿ ಕೂತು ಬುದ್ಧಿ ಹೇಳಬೇಡಿ ಅಂದವರಿದ್ದರು. ಆ ಸಿಟ್ಟಿನಲ್ಲಿ ನ್ಯಾಯ ಇತ್ತು ಎಂದೇ ನನ್ನ ಅನಿಸಿಕೆ. ಮೈಕ್ ಹಿಡಿದು ಒಪೆರಾ ಥರ ಹಾಡುವ ಪಾಪ್ ಗಾಯಕರ ಬಗ್ಗೆಯೂ ಖಾರವಾಗಿ ಮಾತಾಡಿ ನಿಷ್ಠುರ ಆಗಿದ್ದಾರೆ. ನಾಲಿಗೆಗೆ ಹಲ್ಲಿನ ಕಾವಲು ಕಡಿಮೆ.

## ಇನ್ನೂ ಒಳಗೆ ಹೋಗೋರಿಗೆ

‘ಧ್ವನಿ ಚೆಂದ, ನಟನೆ ತಣ್ಣಗೆ’ ಅಂತ ವಿಮರ್ಶಕರು ಬರೀತಾರೆ. ನೀವೇನಂತೀರಿ?

ಅರ್ಧ ಒಪ್ಪುತ್ತೇನೆ. ಉರಿದು ಬೀಳುವ ಪಾತ್ರಗಳಲ್ಲಿ ಅವರ ಧ್ವನಿಯ ಸೌಂದರ್ಯವೇ ಅಡ್ಡ ಬರುತ್ತದೆ. ನೋವೂ ಸಿಹಿಯಾಗಿ ಕೇಳುತ್ತದೆ. ಪದಗಳ ಅಂಚು ಕೆಲವೊಮ್ಮೆ ಮಸುಕು. ಅಮೆರಿಕದ ಸಂಗೀತಕಾರ ಲಿಯೊನಾರ್ಡ್ ಬರ್ನ್‌ಸ್ಟೀನ್ 1984ರಲ್ಲಿ ತಮ್ಮದೇ ಸಂಗೀತ ನಾಟಕ ‘ವೆಸ್ಟ್ ಸೈಡ್ ಸ್ಟೋರಿ’ ಧ್ವನಿಮುದ್ರಿಸಿದಾಗ ಇವರನ್ನು ಮರಿಯಾ ಮಾಡಿದರು. ನ್ಯೂಯಾರ್ಕ್ ಗಲ್ಲಿಯ ಹುಡುಗಿ ಅರಮನೆಯಲ್ಲಿ ಬೆಳೆದವಳ ಹಾಗೆ ಕೇಳುತ್ತಾಳೆ. ನನಗೆ ಒಗ್ಗಲಿಲ್ಲ.

ಆದರೆ ನೋವನ್ನು ನುಂಗಿಕೊಂಡು ನಿಲ್ಲುವ ಹೆಂಗಸರ ಪಾತ್ರ ನೋಡಿ: ಕೌಂಟೆಸ್, ಡೆಸ್ಡಿಮೋನಾ, ಸ್ಟ್ರಾಸ್‌ನ ‘ರೋಸೆನ್‌ಕವಲಿಯರ್’ ಒಪೆರಾದ ಮಾರ್ಷಲಿನ್. ಅಲ್ಲಿ ಆ ತಣ್ಣಗಿನ ಮುಖವೇ ನಟನೆ. ಜೋಸೆಫ್ ಲೋಸಿ 1979ರಲ್ಲಿ ಸಿನಿಮಾ ಮಾಡಿದ ಮೊಜಾರ್ಟ್‌ನ ‘ಡಾನ್ ಜೊವಾನಿ’ಯಲ್ಲಿ ಕ್ಯಾಮೆರಾ ಹತ್ತಿರ ಬಂದಾಗ ಎಲ್ವಿರಾ ಆದ ಕಿರಿ ಅವರ ಕಣ್ಣು ನೋಡಿ, ಆಮೇಲೆ ಮಾತಾಡೋಣ.

ಕೊನೆಯ ಸಲ ಹಾಡಿದ್ದು ಯಾವಾಗ?

ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದರು. 2010ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಮಾರ್ಷಲಿನ್ ಮಾಡಿದರು. ಅದು ವಯಸ್ಸು ಜಾರುವುದನ್ನು ನಗುತ್ತಲೇ ಒಪ್ಪಿಕೊಳ್ಳುವ ಹೆಂಗಸಿನ ಪಾತ್ರ. 2014ರಲ್ಲಿ, ಎಪ್ಪತ್ತನೇ ಹುಟ್ಟುಹಬ್ಬಕ್ಕೆ, ಕೋವೆಂಟ್ ಗಾರ್ಡನ್‌ನಲ್ಲಿ ಒಂದು ತಮಾಷೆಯ ಮಾತಿನ ಪಾತ್ರ. 2016ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಬ್ಯಾಲರಾಟ್ ಎಂಬ ಊರಿನಲ್ಲಿ ಕೊನೆಯ ಕಚೇರಿ. ವಿದಾಯದ ಸಮಾರಂಭ ಇಲ್ಲ, ಹಾರ ತುರಾಯಿ ಇಲ್ಲ. ನಿವೃತ್ತಿಯ ವಿಷಯ ಹೊರಗೆ ಹೇಳಿದ್ದೇ 2017ರಲ್ಲಿ, ಹೆಚ್ಚುಕಮ್ಮಿ ಒಂದು ವರ್ಷ ಬಿಟ್ಟು. ಆಮೇಲೆ ತಾವು ಹಾಡಿದ್ದನ್ನೇ ತಾವು ಕೇಳಲ್ಲ ಎಂದೂ ಹೇಳಿದ್ದಾರೆ.

ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

ಮೊದಲು ಅಪ್ಪನ ಹತ್ತಿರ ಹಟ ಮಾಡುವ ಹಾಡು, ಎರಡೂವರೆ ನಿಮಿಷ. ಆಮೇಲೆ ಕೌಂಟೆಸ್‌ಳ ಎರಡು ಹಾಡು. ಮೂರನೆಯದಾಗಿ ಕ್ಯಾಂಟಲೂಬ್ ಜೋಡಿಸಿದ ಫ್ರಾನ್ಸ್‌ನ ಓವರ್ನ್ ಸೀಮೆಯ ಜನಪದ ಹಾಡುಗಳು. ಅದರಲ್ಲಿ ಕುರಿ ಕಾಯುವ ಹುಡುಗಿ ನದಿಯ ಆಚೆ ದಡದವನನ್ನು ಕರೆಯುವ ‘ಬೈಲೆರೊ’ ಇದೆ. ರಾತ್ರಿ ದೀಪ ಆರಿಸಿ ಕೇಳಿ, ಮಾವೊರಿ ಹಾಡನ್ನು ಅದರ ಬೆನ್ನಿಗೇ ಹಾಕಿ. ಮೂರು ಗಂಟೆಯ ಪೂರ್ತಿ ಒಪೆರಾವನ್ನು ಮೊದಲ ದಿನವೇ ಹಿಡಿಯಬೇಡಿ, ಅಜೀರ್ಣ ಆಗುತ್ತದೆ.

ಮಗಳು ಆಕ್ಲೆಂಡ್‌ನಲ್ಲಿದ್ದಾಳೆ, ಬಾಣಂತನಕ್ಕೆ ಹೋಗ್ತಿದ್ದೀವಿ. ನೋಡೋಕೆ ಏನಾದ್ರೂ ಇದೆಯಾ?

ಇದೆ. ಊರಿನ ನಡುವೆ ಆಓಟೆಆ ಸೆಂಟರ್‌ಗೆ ಹೋಗಿ. ಅದರ ದೊಡ್ಡ ರಂಗಮಂದಿರಕ್ಕೆ 2019ರಲ್ಲಿ ಕಿರಿ ಟೆ ಕನಾವ ಥಿಯೇಟರ್ ಎಂದು ಹೆಸರಿಟ್ಟಿದ್ದಾರೆ, ಎರಡು ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಸೇಂಟ್ ಮೇರೀಸ್ ಈಗಲೂ ಹೆಣ್ಣುಮಕ್ಕಳ ಶಾಲೆ. ಹಾಗಾಗಿ ಹೊರಗಿನಿಂದ ನೋಡಿಕೊಂಡು ಬನ್ನಿ.

ಗಿಸ್ಬರ್ನ್ ದೂರ. ರಸ್ತೆಯಲ್ಲಿ ಆರು ಗಂಟೆಗೂ ಜಾಸ್ತಿ, ಬೆಟ್ಟದ ತಿರುವು ಬೇರೆ. ಮಗು ಸ್ವಲ್ಪ ದೊಡ್ಡದಾದ ಮೇಲೆ ಹೊರಡಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಡಿಸೆಂಬರ್‌ನಲ್ಲಿ, ಜನವರಿಯ ಶುರುವಿನಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಬರುತ್ತಾನೆ. ಐದಕ್ಕೆ ಅಲಾರಂ ಇಟ್ಟು ಸಮುದ್ರದ ಕಡೆ ನಡೆಯಿರಿ. ಅಲ್ಲಿ ಬೇಸಿಗೆಯೇ ಆದರೂ ಗಾಳಿ ತಣ್ಣಗೆ, ಸ್ವೆಟರ್ ಮರೆಯಬೇಡಿ.